ಪುರುಷರಲ್ಲಿ ಮಧುಮೇಹ: ಮೂವತ್ತಕ್ಕೇ ತಪಾಸಣೆ ಏಕೆ? ಪಂಚಾಯಿತಿಯ ಪಾತ್ರವೇನು?

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆಯಲ್ಲಿ ಕುಡಿಯುವ ನೀರು, ಚರಂಡಿ, ಬೀದಿದೀಪ, ವಸತಿ ಹಂಚಿಕೆ ಚರ್ಚೆಗೆ ಬರುತ್ತವೆ. ಸಕ್ಕರೆ ಕಾಯಿಲೆ ಬರುವುದು ವಿರಳ. ಅದು ಅವರವರ ಮನೆಯ ವಿಚಾರ ಎಂಬ ಭಾವನೆ ಇದಕ್ಕೆ ಕಾರಣ. ಆದರೆ ದುಡಿಯುವ ವ್ಯಕ್ತಿಯ ಕಾಲಿನ ಹುಣ್ಣು ಮಾಯದೆ, ಕಣ್ಣು ಮಂಜಾಗಿ, ಮೂತ್ರಪಿಂಡ ಸೋತು ಆತ ಹಾಸಿಗೆ ಹಿಡಿದಾಗ ಗದ್ದೆಯ ಕೆಲಸ, ಮಕ್ಕಳ ಓದು, ಸಂಘದ ಸಾಲದ ಕಂತು ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಆಗ ಅದು ಊರಿನ ವಿಚಾರವೂ ಆಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಪೂರ್ವಹಂತದಲ್ಲಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಕ್ತದ ಸಕ್ಕರೆ ಹೆಚ್ಚಿರುವ ಅಥವಾ ಅದಕ್ಕಾಗಿ ಔಷಧಿ ಸೇವಿಸುತ್ತಿರುವ 15 ವರ್ಷ ಮೇಲ್ಪಟ್ಟ ಮಹಿಳೆಯರ ಪ್ರಮಾಣ ದೇಶದಲ್ಲಿ ಶೇ 13.5, ಪುರುಷರ ಪ್ರಮಾಣ ಶೇ 15.6.

ಅಪಾಯ ಹೆಚ್ಚಿರುವುದು ಪುರುಷರಿಗೆ. ತಪಾಸಣೆಗೆ ಸಿಗದಿರುವವರೂ ಅವರೇ. ಮಹಿಳೆಗೆ ಗರ್ಭಿಣಿಯಾದಾಗ ತಾಯಿ ಕಾರ್ಡ್ ಬರುತ್ತದೆ, ರಕ್ತ ಪರೀಕ್ಷೆಯಾಗುತ್ತದೆ, ಮಗುವಿನ ಲಸಿಕೆಗಾಗಿ ಆಕೆ ಮತ್ತೆ ಮತ್ತೆ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ. ಪುರುಷನಿಗೆ ಅಂತಹ ಕಾರ್ಡ್ ಇಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬರುವ ಹೊತ್ತಿಗೆ ಆತ ಗದ್ದೆಯಲ್ಲಿಯೋ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿಯೋ ಇರುತ್ತಾನೆ.

ಹಿಂದೆ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿಯುವವರು ಒಂದೇ ಕಡೆ ಸೇರುತ್ತಿದ್ದರು. ಸಂಘಟಿತ ಕಾರ್ಮಿಕರಿಗೆ ಇಎಸ್‌ಐ ವೈದ್ಯರ ನಂಟೂ ಇತ್ತು. ಇಂದು ಹಳ್ಳಿಯಿಂದ ನಗರಕ್ಕೆ ಹೋಗುವವರು ಹಮಾಲಿ, ಗಾರೆ ಕೆಲಸ, ಆಟೊ, ಲಾರಿ, ಹೋಟೆಲು, ಅಕ್ಕಿ ಗಿರಣಿಗಳಲ್ಲಿ ಹಂಚಿಹೋಗಿದ್ದಾರೆ. ಅವರನ್ನು ಒಟ್ಟಿಗೆ ಕಾಣುವ ವೈದ್ಯರಿಲ್ಲ.

ಊರಿನ ಜೀವನಕ್ರಮವೂ ಬದಲಾಗಿದೆ. ಭದ್ರಾ ನಾಲೆಯ ನೀರು ಹರಿದ ಮೇಲೆ ಜೋಳ, ರಾಗಿಯ ಹೊಲಗಳು ಭತ್ತದ ಗದ್ದೆಗಳಾದವು. ತಟ್ಟೆಯಲ್ಲಿ ರೊಟ್ಟಿ, ಮುದ್ದೆ ಕಡಿಮೆಯಾಗಿ ಅನ್ನ ಹೆಚ್ಚಿತು. ನೇಗಿಲ ಜಾಗಕ್ಕೆ ಟ್ರ್ಯಾಕ್ಟರ್, ಕುಡುಗೋಲಿನ ಜಾಗಕ್ಕೆ ಕಟಾವು ಯಂತ್ರ, ನಡಿಗೆಯ ಜಾಗಕ್ಕೆ ಬೈಕು ಬಂದವು. ನಾಟಿ, ಕಳೆ ಇಂದಿಗೂ ಬಹುಪಾಲು ಮಹಿಳೆಯರ ಕೈಕೆಲಸ. ಸಂಜೆಯ ಮಂಡಕ್ಕಿ, ಮಿರ್ಚಿಯನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಅದನ್ನು ಅರಗಿಸುತ್ತಿದ್ದ ದುಡಿಮೆ ಕಡಿಮೆಯಾಗಿದೆ ಎಂಬುದನ್ನು ಮರೆಯುವಂತಿಲ್ಲ. “ರೈತನಿಗೆ ಸಕ್ಕರೆ ಕಾಯಿಲೆ ಬಾರದು” ಎಂಬ ಹಳೆಯ ನಂಬಿಕೆ ಈಗ ಆಧಾರವಿಲ್ಲದ್ದು.

ಮಧುಮೇಹವು ಹಲವು ವರ್ಷ ಸದ್ದಿಲ್ಲದೆ ಇರಬಲ್ಲದು. ನೋವಿಲ್ಲದ ಕಾರಣ ಪುರುಷರು ಅದನ್ನು ಲೆಕ್ಕಿಸುವುದಿಲ್ಲ. ಪಾದಗಳ ಸ್ಪರ್ಶಜ್ಞಾನ ಕುಂದಿದಾಗ ಬರಿಗಾಲಲ್ಲಿ ಗದ್ದೆಗಿಳಿದವನಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಲೈಂಗಿಕ ನಿಶ್ಶಕ್ತಿ ಹಲವರಲ್ಲಿ ಮಧುಮೇಹದ ಸೂಚನೆಯಾಗಿರುತ್ತದೆ. ಸಂಕೋಚದಿಂದ ಅದನ್ನು ಮುಚ್ಚಿಟ್ಟು ನಕಲಿ ವೈದ್ಯರಲ್ಲಿ ಹಣ ಕಳೆದುಕೊಳ್ಳುವವರಿದ್ದಾರೆ. ಮಧುಮೇಹಿಗಳಿಗೆ ಕ್ಷಯರೋಗ ತಗಲುವ ಸಂಭವ ಇತರರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಆದ್ದರಿಂದ ಕ್ಷಯಮುಕ್ತ ಪಂಚಾಯಿತಿಯ ಗುರಿಗೂ ಈ ತಪಾಸಣೆ ಪೂರಕ.

ಬೇಗ ತಿಳಿದರೆ ಪ್ರಯೋಜನವುಂಟೇ? ಉಂಟು. ದಕ್ಷಿಣ ಭಾರತದಲ್ಲಿ ಪೂರ್ವಹಂತದಲ್ಲಿದ್ದ 537 ಉದ್ಯೋಗಸ್ಥ ಪುರುಷರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆರಂಭದಲ್ಲಿ ಆಹಾರ, ವ್ಯಾಯಾಮದ ಸಲಹೆ ನೀಡಲಾಯಿತು. ಅರ್ಧದಷ್ಟು ಜನರಿಗೆ ಮಾತ್ರ ಅದನ್ನು ನೆನಪಿಸುವ ಸಂದೇಶಗಳನ್ನು ಮೊಬೈಲಿಗೆ ಕಳುಹಿಸಲಾಯಿತು. ಎರಡು ವರ್ಷಗಳಲ್ಲಿ ಸಂದೇಶ ಪಡೆದವರ ಪೈಕಿ ಶೇ 18ರಷ್ಟು ಜನರಿಗೆ, ಪಡೆಯದವರ ಪೈಕಿ ಶೇ 27ರಷ್ಟು ಜನರಿಗೆ ಮಧುಮೇಹ ಬಂದಿತು. ಮಾತ್ರೆಯಿಲ್ಲದೆ, ಕೇವಲ ನೆನಪಿಸುವಿಕೆಯಿಂದ ದೊರೆತ ಫಲವಿದು. ಆದರೆ ಪೂರ್ವಹಂತ ಗೊತ್ತಾಗುವುದು ತಪಾಸಣೆಯಿಂದ ಮಾತ್ರ.

ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಕಾರ್ಯಕ್ರಮದಂತೆ 30 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ಈ ತಪಾಸಣೆಗೆ ಅರ್ಹರು. ಆಶಾ ಕಾರ್ಯಕರ್ತೆ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ ಹಾಗೂ ತಂದೆ-ತಾಯಿಯರ ಕಾಯಿಲೆಯ ವಿವರ ದಾಖಲಿಸುತ್ತಾರೆ. ಪುರುಷರಲ್ಲಿ ಸೊಂಟದ ಸುತ್ತಳತೆ 90 ಸೆಂ.ಮೀ. ಮೀರಿದರೆ ಎಚ್ಚರ ಅಗತ್ಯ. ಬೆರಳ ತುದಿಯ ಒಂದು ಹನಿ ರಕ್ತ ಸಂಶಯವನ್ನು ಸೂಚಿಸುತ್ತದೆ. ಪ್ರಯೋಗಾಲಯದ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಬರಿಹೊಟ್ಟೆಯಲ್ಲಿ ಸಕ್ಕರೆಯ ಅಂಶ 100ರಿಂದ 125 ಇದ್ದರೆ ಪೂರ್ವಹಂತ. 126 ಅಥವಾ ಹೆಚ್ಚಿದ್ದರೆ ಮಧುಮೇಹದ ಸೂಚನೆ, ಮರುಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು. ಮುಂದಿನ ಚಿಕಿತ್ಸೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಹರಿಹರದ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗಳಿವೆ.

ವ್ಯವಸ್ಥೆ ಇದೆ, ಪುರುಷರನ್ನು ಅದರ ಬಳಿಗೆ, ಅಥವಾ ಅದನ್ನು ಪುರುಷರ ಬಳಿಗೆ ಒಯ್ಯುವ ಕೆಲಸ ಪಂಚಾಯಿತಿಯದು. ಅದಕ್ಕಾಗಿ ಈ ಕ್ರಮಗಳನ್ನು ಪರಿಗಣಿಸಬಹುದು:

1. ಹಾಲಿನ ಡೇರಿಯಲ್ಲಿ ತಪಾಸಣೆ. ಬೆಳಗಿನ ಜಾವ ಹಾಲು ಹಾಕಲು ಬರುವವರು ಇನ್ನೂ ಬರಿಹೊಟ್ಟೆಯಲ್ಲಿರುತ್ತಾರೆ. ಹಿಂದಿನ ದಿನ ಡಂಗುರ ಸಾರಿಸಿ, ಚಹಾ ಕುಡಿಯದೆ ಬರುವಂತೆ ತಿಳಿಸಿ, ಸಮುದಾಯ ಆರೋಗ್ಯ ಅಧಿಕಾರಿಯನ್ನು ಅಲ್ಲಿಗೇ ಕರೆಸುವುದು.

2. ಸಂಜೆಯ ಶಿಬಿರ. ನಗರಕ್ಕೆ ದುಡಿಯಲು ಹೋಗುವವರಿಗಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೊಡನೆ ಮಾತನಾಡಿ, ತಿಂಗಳಿಗೊಂದು ಸಂಜೆ ಬಸ್ ನಿಲ್ದಾಣದ ಸಮೀಪ ಶಿಬಿರ ಏರ್ಪಡಿಸುವುದು.

3. ವಾರ್ಡುವಾರು ಪಟ್ಟಿ. 30 ದಾಟಿದ ಪುರುಷರಲ್ಲಿ ಎಷ್ಟು ಮಂದಿಯ ತಪಾಸಣೆ ಬಾಕಿ ಇದೆ ಎಂಬ ಸಂಖ್ಯೆಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಪರಿಶೀಲಿಸುವುದು. ಸಂಖ್ಯೆಯನ್ನು ಮಾತ್ರ ಓದಬೇಕು. ಯಾರ ಹೆಸರನ್ನೂ, ಯಾರ ಫಲಿತಾಂಶವನ್ನೂ ಸಭೆಯಲ್ಲಿ ಹೇಳಬಾರದು. ಮಗಳ ಮದುವೆಗೆ ತೊಡಕಾದೀತೆಂದು, ಚಾಲಕನ ಕೆಲಸ ಹೋದೀತೆಂದು ಅಂಜುವವರು ಗುಟ್ಟು ಉಳಿಯುವುದೆಂಬ ನಂಬಿಕೆ ಹುಟ್ಟಿದರೆ ಮಾತ್ರ ಮುಂದೆ ಬರುತ್ತಾರೆ.

4. ಮರುಭೇಟಿ. ಸಕ್ಕರೆ ಹೆಚ್ಚಿದೆಯೆಂದು ತಿಳಿದೂ ಆಸ್ಪತ್ರೆಗೆ ಹೋಗದವರ ಮನೆಗೆ ಆಶಾ ಕಾರ್ಯಕರ್ತೆಯೊಡನೆ ಸದಸ್ಯರೂ ತೆರಳಿ ಮನವೊಲಿಸುವುದು. ಹಿಂಬಾಲಿಸದ ತಪಾಸಣೆ ವ್ಯರ್ಥ.

5. ಸ್ವಸಹಾಯ ಸಂಘಗಳ ನೆರವು. ಪಂಚಾಯಿತಿ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿವೆ. ಮನೆಯ ಗಂಡಸರಿಗೆ ತಪಾಸಣೆಯ ದಿನವನ್ನು ನೆನಪಿಸುವ ಹೊಣೆಯನ್ನು ಮಹಿಳಾ ಸದಸ್ಯರು ಸಂಘಗಳ ಮೂಲಕ ವಹಿಸಬಹುದು.

ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ನಿರ್ಣಯ ಹಾಗೂ ಸಮಯದ ಹೊಂದಾಣಿಕೆ ಸಾಕು. ಅಗತ್ಯವಾದ ಸಣ್ಣ ವೆಚ್ಚವನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ “ಆರೋಗ್ಯವಂತ ಗ್ರಾಮ” ಗುರಿಯಡಿ ಸೇರಿಸಲು ಅವಕಾಶವಿದೆ.

ಊರಿನವರು ಸದಸ್ಯರ ಮಾತಿಗಿಂತ ಅವರ ನಡೆಯನ್ನು ಗಮನಿಸುತ್ತಾರೆ. ಆದ್ದರಿಂದ ಮುಂದಿನ ಸಾಮಾನ್ಯ ಸಭೆಯ ದಿನ ಕಾರ್ಯಸೂಚಿಯ ಮೊದಲ ವಿಷಯಕ್ಕೆ ಮುನ್ನ, 30 ದಾಟಿದ ಪ್ರತಿಯೊಬ್ಬ ಪುರುಷ ಸದಸ್ಯರೂ ಬೆರಳು ಚಾಚಿ ಪರೀಕ್ಷೆ ಮಾಡಿಸಿಕೊಳ್ಳಲಿ. ಆ ಬಳಿಕ ವಾರ್ಡಿನ ಜನರನ್ನು ಕರೆಯುವುದು ಸುಲಭವಾಗುತ್ತದೆ.