ಕಾಂಕ್ರೀಟಿಗೆ ನೆರಳು, ಕೆಲಸಗಾರನಿಗೆ ಬಿಸಿಲೆ?

(ಭಾಷಣದ ಪಾಠ)



ಕೊಲ್ಲಿಯ ಮರುಭೂಮಿಯಲ್ಲಿ ಮನೆಗಳಿಗೆ ಕಾಂಕ್ರೀಟು ಹಾಕುವ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಗಿರಣಿಯಲ್ಲಿ ನೂಲುವವರಿಗೂ ಪೇಟೆಯಲ್ಲಿ ತಕ್ಕಡಿ ಹಿಡಿದವರಿಗೂ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸೀತು. ನಮ್ಮ ಕರಾವಳಿಯ ಊರುಗಳಿಂದ ದುಬೈ, ಅಬುಧಾಬಿ, ದೋಹಾ, ಕುವೈತುಗಳಿಗೆ ಹೊಟ್ಟೆಪಾಡಿಗಾಗಿ ಹೋದವರು ಎಷ್ಟು ಮಂದಿ ಎಂಬುದನ್ನು ತಾವು ಬಲ್ಲಿರಿ. ಅಲ್ಲಿ ಕಂಬಿ ಕಟ್ಟುವವರು, ಸೆಂಟ್ರಿಂಗ್ ಹೊಡೆಯುವವರು, ಕಾಂಕ್ರೀಟು ಹರಡುವವರು ಬಹುಪಾಲು ನಮ್ಮ ದೇಶದ, ನೇಪಾಳದ, ಬಾಂಗ್ಲಾದೇಶದ, ಪಾಕಿಸ್ತಾನದ ಬಡ ಮಕ್ಕಳು. ಅವರು ಕಳಿಸಿದ ಹಣದಿಂದ ಇಲ್ಲಿ ಎಷ್ಟೋ ಮನೆಯ ಒಲೆ ಉರಿಯುತ್ತದೆ, ಎಷ್ಟೋ ಅಂಗಡಿಯ ಸಾಲ ತೀರುತ್ತದೆ. ಆದ್ದರಿಂದ ಇದು ದೂರದ ವಿಷಯವಲ್ಲ.

ಮೊದಲು ಕೆಲಸದ ಮರ್ಮವನ್ನು ತಿಳಿಯೋಣ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಸಿಮೆಂಟು ನೀರಿನೊಡನೆ ಸೇರಿದಾಗ ರಾಸಾಯನಿಕ ಕ್ರಿಯೆ ನಡೆದು, ಶಾಖ ಹುಟ್ಟಿ, ಮರಳನ್ನೂ ಜಲ್ಲಿಯನ್ನೂ ಬಂಧಿಸುವ ಕಲ್ಲಿನಂಥ ಅಂಟು ಉಂಟಾಗುತ್ತದೆ. 50 ಕಿಲೋದ ಒಂದು ಚೀಲಕ್ಕೆ ಈ ಕ್ರಿಯೆಗೆಂದೇ ಬೇಕಾಗುವ ನೀರು ಸುಮಾರು 12 ಲೀಟರು. ಮಸಾಲೆಯನ್ನು ಕಲಸಿ ಕಂಬಿಗಳ ನಡುವೆ ಇಳಿಸಬೇಕಾದ್ದರಿಂದ 20ರಿಂದ 25 ಲೀಟರಿನಷ್ಟು ಹಾಕುತ್ತಾರೆ. ಅದಕ್ಕೂ ಮಿಕ್ಕಿ ಹಾಕಿದ ನೀರು ಹಾರಿಹೋದ ಮೇಲೆ ಅದರ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರು ಹೆಚ್ಚಿದಷ್ಟೂ ಬಲ ಇಳಿಯುವುದೆಂಬ ನಿಯಮವನ್ನು ಅಮೆರಿಕದ ಡಫ್ ಏಬ್ರಮ್ಸ್ ಎಂಬವರು 1918ರಲ್ಲಿ ಪ್ರಕಟಿಸಿದರು. ಚೀಲಕ್ಕೆ 25 ಲೀಟರು ಹಾಕುವಲ್ಲಿ 30 ಹಾಕಿದರೆ ಬಲದಲ್ಲಿ ಸುಮಾರು ಐದರಲ್ಲೊಂದು ಪಾಲು ಹೋದಂತೆಯೇ. ಕಲಸುವಾಗ ನೀರು ಮಿತವಾಗಿರಬೇಕು, ಹಾಕಿದ ಮೇಲೆ ನೀರು ಧಾರಾಳವಾಗಿರಬೇಕು. ಈ ವಿದ್ಯೆಯ ಸಾರವೇ ಇಷ್ಟು.

ಮರುಭೂಮಿ ಈ ಎರಡನ್ನೂ ತಲೆಕೆಳಗು ಮಾಡುತ್ತದೆ. ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಶಾಖ ದಾಖಲಾಯಿತು. ಕೊಲ್ಲಿಯ ಬೇಸಗೆಯಲ್ಲಿ 45 ಡಿಗ್ರಿ ಎಂದರೆ ದಿನನಿತ್ಯದ ಮಾತು. ಇಂಥ ಬಿಸಿಲಲ್ಲಿ ಜಲ್ಲಿಯ ರಾಶಿ ಕಾಯುತ್ತದೆ, ಟ್ಯಾಂಕಿನ ನೀರು ಕಾಯುತ್ತದೆ, ಕಂಬಿ ಕೈ ಸುಡುತ್ತದೆ. ಕಾದ ಮಸಾಲೆ ಬೇಗ ಬಿಗಿಯುತ್ತದೆ. ಮಿಕ್ಸರ್ ಲಾರಿ ದಾರಿಯಲ್ಲಿ ತಡವಾದರೆ ಮಸಾಲೆ ಇಳಿಯದೆ ಹಟ ಹಿಡಿಯುತ್ತದೆ. ಆಗ ಅವಸರದ ಮೇಸ್ತ್ರಿ ಪೈಪು ಹಿಡಿದು ಲಾರಿಗೆ ನೀರು ಬಿಡುತ್ತಾನೆ. ಕೆಲಸ ಸುಲಭವಾಗುತ್ತದೆ, ಮನೆ ದುರ್ಬಲವಾಗುತ್ತದೆ. ಇನ್ನು ತಾರಸಿಗೆ ಹರಡಿದ ಮೇಲೆ ಬಿಸಿಗಾಳಿ ಬೀಸಿ, ಒಳಗಿನಿಂದ ಮೇಲೇರುವ ನೀರಿಗಿಂತ ಬೇಗ ಮೇಲ್ಮೈಯ ನೀರನ್ನು ಹೀರಿದರೆ, ಹಸಿ ಕಾಂಕ್ರೀಟು ಕೆಲವೇ ಗಂಟೆಗಳಲ್ಲಿ ಬಿರುಕು ಬಿಡುತ್ತದೆ. ಇನ್ನೊಂದು ಮೋಸವೂ ಉಂಟು. ಕಾವಿನಲ್ಲಿ ಹಾಕಿದ ಕಾಂಕ್ರೀಟಿಗೆ ಮೊದಲ ದಿನಗಳಲ್ಲಿ ಬಲ ಬೇಗ ಬರುತ್ತದೆ. ಆದರೆ 28 ದಿನಗಳ ನಂತರ ಪರೀಕ್ಷಿಸಿ ನೋಡಿದರೆ, ತಂಪಿನಲ್ಲಿ ಹಾಕಿದ್ದಕ್ಕಿಂತ ಅದು ಹಿಂದೆ ಬಿದ್ದಿರುತ್ತದೆ.

ಮರುಭೂಮಿ ತುಂಬ ಮರಳಿರುವಾಗ ಮರಳಿಗೇನು ಕೊರತೆ ಎಂದು ಕೇಳಬಹುದು. ಗಾಳಿ ಉರುಳಿಸಿದ ಆ ಮರಳು ಬಹಳ ನಯ, ಕಾಳು ದುಂಡು. ಅದನ್ನೇ ನಂಬಿ ಒಳ್ಳೆಯ ಕಾಂಕ್ರೀಟು ಮಾಡಲಾಗದು. ಬೆಟ್ಟದ ಕಲ್ಲನ್ನು ಪುಡಿ ಮಾಡಿ ತರಬೇಕು. ಸಮುದ್ರದ ಬದಿಯ ಮಣ್ಣಿನಲ್ಲಿಯೂ ಬಾವಿಯ ನೀರಿನಲ್ಲಿಯೂ ಉಪ್ಪು. ಉಪ್ಪು ಒಳಹೊಕ್ಕರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಕಾಂಕ್ರೀಟು ಸಿಡಿದು ಉದುರುತ್ತದೆ. 1970ರ ದಶಕದಲ್ಲಿ ಎಣ್ಣೆಯ ಹಣ ಬಂದು ಅವಸರದಲ್ಲಿ ಎಬ್ಬಿಸಿದ ಎಷ್ಟೋ ಕಟ್ಟಡಗಳು ಹತ್ತು ಹದಿನೈದು ವರ್ಷಗಳಲ್ಲೇ ಹೀಗೆ ಹಾಳಾದವು. ಉಪ್ಪುಗೂಡಿದ ಮರಳು, ಉಪ್ಪು ನೀರು, ಸಾಲದ ಕ್ಯೂರಿಂಗು ಇವು ಮುಖ್ಯ ಕಾರಣಗಳು. ಆ ಪಾಠ ಕಲಿತ ಮೇಲೆ ಅಲ್ಲಿ ನಿಯಮಗಳು ಬಿಗಿಯಾದವು.

ಆ ನಿಯಮಗಳನ್ನು ಸ್ವಲ್ಪ ಲಕ್ಷ್ಯವಿಟ್ಟು ಕೇಳಿರಿ. ಜಲ್ಲಿಯ ರಾಶಿಗೆ ಚಪ್ಪರ ಹಾಕಬೇಕು. ನೀರಿನ ಟ್ಯಾಂಕನ್ನು ಬಿಸಿಲಿಗೆ ಬಿಡಬಾರದು. ಕಲಸುವ ನೀರಿನ ಒಂದು ಪಾಲಿಗೆ ಬದಲಾಗಿ ಮಂಜುಗಡ್ಡೆಯ ಚೂರು ಹಾಕಬೇಕು. ಏಕೆಂದರೆ 1 ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ, 80 ಕಿಲೋ ನೀರನ್ನು 1 ಡಿಗ್ರಿ ತಣಿಸುವುದಕ್ಕೆ ಸಮ. ಲಾರಿ ಬಂದೊಡನೆ ಮಸಾಲೆಗೆ ಉಷ್ಣಮಾಪಕ ಚುಚ್ಚಿ ನೋಡಬೇಕು. ಸಾಮಾನ್ಯವಾಗಿ 32ರಿಂದ 35 ಡಿಗ್ರಿಯೊಳಗೆ ಮಿತಿಯನ್ನು ಗೊತ್ತುಪಡಿಸಿರುತ್ತಾರೆ. ಮೀರಿದರೆ ಲಾರಿಯನ್ನೇ ಹಿಂದಕ್ಕೆ ಕಳಿಸುವ ಅಧಿಕಾರ ಇಂಜಿನಿಯರರಿಗೆ ಉಂಟು. ಸಾಧ್ಯವಾದ ಮಟ್ಟಿಗೆ ರಾತ್ರಿ ಹಾಕಬೇಕು. ಹಾಕಿದ ಮೇಲೆ ಗೋಣಿತಟ್ಟು ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ವಾರಗಟ್ಟಲೆ ತೇವ ಆರದಂತೆ ಕಾಯಬೇಕು. ನಮ್ಮ ದೇಶದ 2000ದ ಕಾಂಕ್ರೀಟು ಸಂಹಿತೆಯೂ ಸಾಧಾರಣ ಸಿಮೆಂಟಿಗೆ ಕಡಮೆಯೆಂದರೆ 7 ದಿನ, ಒಣ ಹವೆ ಬಿಸಿಲುಗಳಿರುವಲ್ಲಿ 10 ದಿನ ನೀರುಣಿಸಬೇಕೆಂದು ಹೇಳುತ್ತದೆ.

ಕಾಂಕ್ರೀಟಿಗೆ ನೆರಳು, ಮಂಜುಗಡ್ಡೆ, ನೀರು, ಹೊದಿಕೆ, ಹತ್ತು ದಿನಗಳ ಆರೈಕೆ. ಇದೆಲ್ಲ ಬೇಕಾದದ್ದೇ; ಇದರಲ್ಲಿ ಒಂದನ್ನೂ ನಾನು ಆಕ್ಷೇಪಿಸುವುದಿಲ್ಲ. ಗಿರಣಿಯ ಸಂಗಾತಿಗಳಿಗೆ ಈ ನ್ಯಾಯ ಹೊಸದಲ್ಲ. ಎಳೆ ಒಣಗಿದರೆ ಕಡಿಯುತ್ತದೆಂದು ನೂಲುವ ಖಾತೆಯ ಗಾಳಿಗೆ ತೇವ ಬಿಡುತ್ತಾರೆ. ಆ ತೇವ ನೂಲಿಗಾಗಿ ಅಳೆದದ್ದು. ಅದರಲ್ಲಿ ನಿಂತು ಬೆವರುವವನಿಗಾಗಿ ಅಳೆದದ್ದಲ್ಲ. ಕಾಂಕ್ರೀಟಿನ ಕತೆಯೂ ಇದೇ. ಕಾವು ಹೆಚ್ಚಾಯಿತೆಂದು ಲಾರಿಯನ್ನು ಹಿಂದಿರುಗಿಸಬಹುದು. ಕಾವು ಹೆಚ್ಚಾಯಿತೆಂದು ಕೆಲಸಗಾರ ಹಿಂದಿರುಗಿದರೆ ಅವನ ಕೂಲಿ ಮುರಿಯುತ್ತದೆ. ಹೋಗುವಾಗಲೇ ಏಜಂಟನಿಗೆ ಸಾಲ ಮಾಡಿ ಹಣ ಸುರಿದವನು ಯಾವ ಧೈರ್ಯದಿಂದ ಆಗದೆಂದಾನು?

ಮನುಷ್ಯನ ದೇಹಕ್ಕೂ ಲೆಕ್ಕವುಂಟು. ಬಿಸಿಲಲ್ಲಿ ಭಾರದ ಕೆಲಸ ಮಾಡುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರಬಲ್ಲ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಕೊಲ್ಲಿಯ ಕಡಲ ತೀರದಲ್ಲಿ ಗಾಳಿಯೇ ಒದ್ದೆಯಾಗಿರುವ ದಿನ ಬೆವರು ಆರುವುದಿಲ್ಲ, ಇಳಿದು ಹೋಗುತ್ತದೆ. ದೇಹದ ಕಾವು ಒಳಗೇ ಏರುತ್ತದೆ. ಬಿಸಿಲಿಗೆ ಹೊಸಬನ ಮೈ ಹೊಂದಿಕೊಳ್ಳಲು 7ರಿಂದ 14 ದಿನ ಬೇಕು. ಹೊಸಬನಿಗೆ ಮೊದಲ ದಿನ ಐದರಲ್ಲೊಂದು ಪಾಲು ಹೊತ್ತು ಮಾತ್ರ ಬಿಸಿಲಿನ ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಬೇಕೆಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಲಿನ ಕೆಲಸದಲ್ಲಿ ಶಾಖದಿಂದ ಸಾಯುವವರಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಮಂದಿ ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆಂಬುದು ಆ ದೇಶದ ಅನುಭವ. ಹೊಸ ತಾರಸಿಗೆ ಹತ್ತು ದಿನ ಕೊಡುವ ಗುತ್ತಿಗೆದಾರ, ವಿಮಾನದಿಂದ ಇಳಿದ ಹುಡುಗನಿಗೆ ಎಷ್ಟು ದಿನ ಕೊಡುತ್ತಾನೆ?

ಕಾನೂನು ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಸಂಯುಕ್ತ ಅರಬ್ ಎಮಿರೇಟುಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12-30ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮೀರಿದರೆ ತಲೆಗೆ 5000 ದಿರ್ಹಮ್, ಹೆಚ್ಚೆಂದರೆ 50,000 ದಿರ್ಹಮ್ ದಂಡ. ಕತಾರು 2021ರಲ್ಲಿ ಇನ್ನೂ ಮುಂದೆ ಹೋಯಿತು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3-30ರವರೆಗೆ ಬಯಲಿನ ಕೆಲಸ ನಿಷಿದ್ಧ. ಅದಲ್ಲದೆ ಬಿಸಿಲು, ತೇವ, ಗಾಳಿ ಮೂರನ್ನೂ ಕೂಡಿಸಿ ಅಳೆಯುವ ಮಾಪನ 32.1 ಮುಟ್ಟಿ ಮೀರಿದರೆ, ಯಾವ ಹೊತ್ತಾಗಲಿ, ಕೆಲಸ ನಿಲ್ಲಬೇಕು. ಇವು ಒಳ್ಳೆಯ ಹೆಜ್ಜೆಗಳು. ಒಳ್ಳೆಯದನ್ನು ಒಳ್ಳೆಯದೆನ್ನುವುದರಲ್ಲಿ ನಮಗೆ ಸಂಕೋಚವಿಲ್ಲ.

ಆದರೆ ಎಮಿರೇಟುಗಳ ನಿಯಮದಲ್ಲಿ ಒಂದು ಕಿಂಡಿಯಿದೆ. ಮಧ್ಯೆ ನಿಲ್ಲಿಸಲು ಬಾರದ ಕೆಲಸಗಳಿಗೆ ಅದು ವಿನಾಯಿತಿ ಕೊಡುತ್ತದೆ. ಉದಾಹರಣೆಯಾಗಿ ಹೆಸರಿಸಿದ ಕೆಲಸಗಳಲ್ಲಿ ಕಾಂಕ್ರೀಟು ಹಾಕುವುದೂ ಒಂದು! ಮಾಲೀಕನು ತಣ್ಣೀರು, ನೆರಳು, ಪ್ರಥಮ ಚಿಕಿತ್ಸೆ ಒದಗಿಸಬೇಕೆಂಬ ಷರತ್ತು ಇದೆ, ನಿಜ. ಅರ್ಧ ಹಾಕಿದ ತಾರಸಿಯನ್ನು ಬಿಟ್ಟು ಹೋದರೆ ಹಳೆಯ ಕಾಂಕ್ರೀಟಿಗೂ ಹೊಸದಕ್ಕೂ ಬೆಸುಗೆ ಕೂಡದೆ ಸಂದು ಉಳಿಯುತ್ತದೆ, ಅದೂ ನಿಜ. ಆದರೆ ಒಂದು ಮನೆಯ ತಾರಸಿಯ ಕೆಲಸ ಯಾವ ಗಂಟೆಗೆ ಆರಂಭವಾಗಬೇಕೆಂದು ಗೊತ್ತು ಮಾಡುವವರು ಯಾರು? ಸೂರ್ಯನೆ? ಅಲ್ಲ, ಗುತ್ತಿಗೆದಾರನೇ. ಅಣೆಕಟ್ಟಿನಂತೆ ದಿನಗಟ್ಟಲೆ ಎಡೆಬಿಡದೆ ಸುರಿಯಬೇಕಾದ ಕೆಲಸ ಇದಲ್ಲ. ಸಾಧಾರಣ ಮನೆಯ ತಾರಸಿಯನ್ನು ರಾತ್ರಿ ಆರಂಭಿಸಿ ಬೆಳಗಾಗುವಷ್ಟರಲ್ಲಿ ಮುಗಿಸಬಹುದು. ಕಾಂಕ್ರೀಟಿನ ಹಿತಕ್ಕಾಗಿ ರಾತ್ರಿ ಹಾಕಿರೆಂದು ಇಂಜಿನಿಯರನ ಶಾಸ್ತ್ರವೇ ಹೇಳುತ್ತಿರುವಾಗ, ಹಗಲೇ ಬೇಕೆನ್ನುವವನದು ಶಾಸ್ತ್ರದ ಮಾತಲ್ಲ, ಖರ್ಚಿನ ಮಾತು. ಆದ್ದರಿಂದ ಮನೆಯ ಕೆಲಸಕ್ಕೆ ಈ ವಿನಾಯಿತಿಯ ಅಗತ್ಯವೇ ಇಲ್ಲವೆಂಬುದು ನನ್ನ ವಾದ. ಮಧ್ಯಾಹ್ನದೊಳಗೆ ಮುಗಿಯದ ಕೆಲಸವನ್ನು ಬೆಳಿಗ್ಗೆ ಆರಂಭಿಸಲೇ ಕೂಡದು.

ರಾತ್ರಿ ಕೆಲಸವೆಂದರೆ ಎಲ್ಲವೂ ಸರಿಹೋಯಿತೆಂದಲ್ಲ. ರಾತ್ರಿ ದುಡಿದವನು ಹಗಲು ನಿದ್ರೆ ಮಾಡಬೇಕು. ಒಂದು ಕೋಣೆಯಲ್ಲಿ ಹತ್ತು ಜನರನ್ನು ತುಂಬಿದ, ತಂಪಿನ ಯಂತ್ರ ಕೆಟ್ಟು ನಿಂತ ಬಿಡಾರದಲ್ಲಿ ಯಾವ ನಿದ್ರೆ ಬಂದೀತು? ರಾತ್ರಿಯ ಪಾಳಿ ಬೇಕೆನ್ನುವವನು ಹಗಲಿನ ವಿಶ್ರಾಂತಿಯನ್ನೂ ರಾತ್ರಿಯ ಹೆಚ್ಚಿನ ಕೂಲಿಯನ್ನೂ ಕೊಡಬೇಕು. ನಿದ್ರೆಯಿಲ್ಲದವನನ್ನು ಸೆಂಟ್ರಿಂಗಿನ ಮೇಲೆ ಹತ್ತಿಸಿದರೆ, ಬಿಸಿಲಿನಿಂದ ಉಳಿಸಿ ಬೀಳಲು ಬಿಟ್ಟಂತೆ.

ವರ್ತಕ ಬಂಧುಗಳೇ, ಲೆಕ್ಕ ಬಲ್ಲವರು ನೀವು. ಇದೆಲ್ಲಕ್ಕೆ ಹಣ ಯಾರು ಕೊಡಬೇಕೆಂದು ನೀವು ಕೇಳಿಯೇ ಕೇಳುತ್ತೀರಿ. ಗುತ್ತಿಗೆಯ ಪಟ್ಟಿಯಲ್ಲಿ ಸಿಮೆಂಟಿಗೆ ಒಂದು ಸಾಲು, ಕಂಬಿಗೆ ಒಂದು ಸಾಲು ಇರುತ್ತದೆ. ನೀರುಣಿಸುವ ಕೆಲಸಕ್ಕೆ ಎಷ್ಟೋ ಕಡೆ ಸಾಲೇ ಇರುವುದಿಲ್ಲ. ಯಾರ ಲೆಕ್ಕದಲ್ಲೂ ಇಲ್ಲದ ಕೆಲಸ ಯಾರ ಕೈಯಿಂದಲೂ ಆಗುವುದಿಲ್ಲ. ಕೆಲಸಗಾರನ ನೀರು, ನೆರಳು, ವಿರಾಮಗಳ ಗತಿಯೂ ಇದೇ. ಇವೆರಡಕ್ಕೂ ಪಟ್ಟಿಯಲ್ಲಿ ಬೇರೆ ಬೇರೆ ಸಾಲು ಬರೆದು ಹಣ ಕಟ್ಟಿಡಬೇಕು. ಕೊಲ್ಲಿಯಲ್ಲಿ ಮನೆ ಕಟ್ಟಿಸುವ ಶ್ರೀಮಂತನಿಗೂ ಈ ಮಾತು ಅನ್ವಯಿಸುತ್ತದೆ. ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಲ್ಲಿ ಎರಡು ಕೋಣೆಯ ಮನೆಗೆ ತಾರಸಿ ಹಾಕಿಸುವ ನಮ್ಮವರಿಗೂ ಅನ್ವಯಿಸುತ್ತದೆ. ಅಲ್ಲಿಯೂ 40 ಡಿಗ್ರಿ ದಾಟುತ್ತದೆ, ಅಲ್ಲಿಯೂ ಬಾಂಡ್ಲಿ ಹೊರುವವಳ ತಲೆಯ ಮೇಲೆ ಚಪ್ಪರವಿರುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಮಸಾಲೆಯ ಕಾವನ್ನು ಅಳೆಯುವ ಕಡೆಯಲ್ಲೇ ಮನುಷ್ಯ ನಿಂತ ಜಾಗದ ಕಾವನ್ನೂ ಅಳೆಯಲಿ. ಮಿತಿ ಮೀರಿದಾಗ ಲಾರಿ ಹಿಂದಿರುಗುವಂತೆ ಕೆಲಸಗಾರನೂ ನೆರಳಿಗೆ ಹಿಂದಿರುಗಲಿ, ಅವನ ಕೂಲಿ ಮುರಿಯದಿರಲಿ. ಹೊಸಬನಿಗೆ ಮೊದಲ ವಾರ ಹಗುರ ಕೆಲಸ ಕೊಡಲಿ. ಹೊರಡುವ ಮುನ್ನ ಪ್ರತಿಯೊಬ್ಬ ಹುಡುಗನಿಗೂ ಈ ನಿಯಮಗಳನ್ನು ಅವನ ಭಾಷೆಯಲ್ಲೇ ತಿಳಿಸಲಿ. ಅಲ್ಲಿಗೆ ಹೋಗುವ ಮಗನೋ ತಮ್ಮನೋ ನಿಮ್ಮ ಮನೆಯಲ್ಲಿದ್ದರೆ, ಇಂದು ರಾತ್ರಿಯೇ ಅವನಿಗೆ ಈ ಗಂಟೆಗಳನ್ನೂ ತಾರೀಖುಗಳನ್ನೂ ಬರೆದು ಕೊಡಿರಿ. ತನ್ನ ಹಕ್ಕು ಏನೆಂದು ತಿಳಿದವನು ಕೇಳುವ ಧೈರ್ಯವನ್ನೂ ಒಂದು ದಿನ ತಂದುಕೊಂಡಾನು.