ಬೆಟಗೇರಿಯಿಂದ ಟ್ಯೂಬಿಂಗೆನ್‌ವರೆಗೆ: ಜರ್ಮನ್ ಉನ್ನತ ವ್ಯಾಸಂಗದ ದಾರಿ ಮತ್ತು ಲೆಕ್ಕ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಪದವಿ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಸಭೆ ಆರಂಭವಾಗುವ ಮುನ್ನ ಶಿರಹಟ್ಟಿಯಿಂದ ಬಂದಿರುವ ತಾಯಿಯೊಬ್ಬರು ನಮ್ಮ ಕೈಗೆ ಒಂದು ಚೀಟಿ ಕಳುಹಿಸಿದ್ದಾರೆ. ಅವರ ಮಗಳು ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ. ಮುಂದೆ ಜರ್ಮನ್ ಭಾಷೆಯಲ್ಲಿಯೇ ಎಂ.ಎ. ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಅದನ್ನು ಓದಿ ಏನು ಮಾಡುವುದು, ಎಲ್ಲಿ ಓದುವುದು, ಹಣ ಎಲ್ಲಿಂದ ತರುವುದು ಎಂದು ಆ ತಾಯಿ ಕೇಳಿದ್ದಾರೆ. ನಾವು ಬೇರೊಂದು ಭಾಷಣವನ್ನು ಸಿದ್ಧಪಡಿಸಿಕೊಂಡು ಬಂದಿದ್ದೆವು. ಆದರೆ ಈ ಚೀಟಿಗೆ ಉತ್ತರ ಕೊಡುವುದೇ ಇಂದಿನ ಅಗತ್ಯವೆಂದು ನಮಗೆ ತೋರುತ್ತದೆ.

ಏಕೆಂದರೆ ಕೆಲವು ತಿಂಗಳ ಹಿಂದೆ ಮುಂಡರಗಿಯ ತಂದೆಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ನಮ್ಮ ಬಳಿಗೆ ಬಂದಿದ್ದರು. ಮಗ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದಿದ ಬಿ.ಎ. ಪದವೀಧರ. ನಗರವೊಂದರ ಏಜೆಂಟನೊಬ್ಬ ಜರ್ಮನಿಯಲ್ಲಿ ಎಂ.ಎ. ಸೀಟು ಖಚಿತ ಎಂದು ಹೇಳಿ 3 ಲಕ್ಷ ರೂಪಾಯಿ ಪಡೆದು ಒಂದು ಪತ್ರವನ್ನು ಕೊಟ್ಟಿದ್ದ. "ಇದರಾಗ ಏನ್ ಬರದೈತಿ ಒಂದೀಟು ಓದಿ ಹೇಳ್ರಿ ಮೌಲಾನಾ" ಎಂದು ಅವರು ಕೇಳಿದರು. ಜರ್ಮನ್ ಬಲ್ಲ ಮಿತ್ರರೊಬ್ಬರಿಂದ ಓದಿಸಿದೆವು. ಅದು ವಿಶ್ವವಿದ್ಯಾಲಯದ ಪ್ರವೇಶಪತ್ರವಾಗಿರಲಿಲ್ಲ. ಖಾಸಗಿ ಭಾಷಾ ತರಗತಿಯೊಂದಕ್ಕೆ ಹೆಸರು ನೋಂದಾಯಿಸಿದ ಪತ್ರವಾಗಿತ್ತು. ಜರ್ಮನಿಗೆ ಹೋಗಿ ಸ್ನಾತಕೋತ್ತರ ಪದವಿ ಪಡೆಯಲಿದ್ದ ಯುವಕನಿಗೆ ತನ್ನದೇ ಪತ್ರದ ಮೊದಲ ಸಾಲನ್ನು ಓದಲು ಬರುತ್ತಿರಲಿಲ್ಲ. ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಇನ್ನು ಮುಂದೆ ಯಾರಾದರೂ ದೂರದ ಓದಿನ ಮಾತೆತ್ತಿದರೆ ಕೇಳುವವರಿಲ್ಲ.

ಮಿತ್ರರೇ, ಜರ್ಮನ್ ಎಂಬುದು ನಮ್ಮ ಊರಿಗೆ ಹೊಸ ಮಾತೇನೂ ಅಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿಯೇ ಬೆಟಗೇರಿಯಲ್ಲಿ ನೆಲೆಯೂರಿದರು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಬಂದವರಲ್ಲಿ ಬಹಳ ಮಂದಿ ಜರ್ಮನರೇ. ಅವರ ಧರ್ಮಪ್ರಚಾರದ ಉದ್ದೇಶವನ್ನು ನಾವು ಮರೆಯಬೇಕಾಗಿಲ್ಲ. ಆದರೆ ಅವರು ಭಾಷೆ ಕಲಿತ ಬಗೆಯನ್ನು ನೋಡಿರಿ. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಈ ನಾಡಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ. ನಡುವೆ 40 ವರ್ಷಗಳಿಗೂ ಹೆಚ್ಚು ಕಾಲ. ಕನ್ನಡಕ್ಕಾಗಿ ದುಡಿದ ಈ ಇಬ್ಬರಿಗೂ ಗೌರವ ಡಾಕ್ಟರೇಟ್ ನೀಡಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ: ಮೋಗ್ಲಿಂಗ್‌ರಿಗೆ 1858ರಲ್ಲಿ, ಕಿಟೆಲ್‌ರಿಗೆ 1896ರಲ್ಲಿ. ಅವರು ನಮ್ಮ ಭಾಷೆಯನ್ನು ಕಲಿತು ತಮ್ಮ ವಿಶ್ವವಿದ್ಯಾಲಯದ ಗೌರವ ಪಡೆದರು. ಅವರ ಭಾಷೆಯನ್ನು ಕಲಿತು ಅದೇ ಬಾಗಿಲು ತಟ್ಟಲು ನಮ್ಮ ಮಕ್ಕಳಿಗೇನು ಅಡ್ಡಿ?

ನಮ್ಮ ಸಮುದಾಯದ ಹಿರಿಯರು ಆ ಬಾಗಿಲನ್ನು ತಟ್ಟಿದ್ದಾರೆ. ಅಲ್ಲಾಮಾ ಇಕ್ಬಾಲ್ 1907ರ ಬೇಸಿಗೆಯಲ್ಲಿ ಹೈಡಲ್‌ಬರ್ಗಿನಲ್ಲಿ ಜರ್ಮನ್ ಕಲಿತರು. ಅದೇ ವರ್ಷದ ನವೆಂಬರಿನಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪರೀಕ್ಷೆ ಮುಗಿಸಿದರು. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಸಲ್ಲಿಸಲು ಅವರಿಗೆ ವಿಶೇಷ ಅನುಮತಿ ದೊರೆತಿತ್ತು. ಅಲ್ಲಿಯೇ ನೆಲೆಸಿ ನಿಗದಿತ ಅವಧಿ ಓದಬೇಕೆಂಬ ನಿಯಮದಿಂದಲೂ ವಿನಾಯಿತಿ ಸಿಕ್ಕಿತ್ತು. ಇಕ್ಬಾಲ್‌ಗೆ ಸಿಕ್ಕ ರಿಯಾಯಿತಿ ನಮಗೂ ಸಿಗಬಹುದೆಂದು ಯಾರೂ ಕಾಯಬಾರದು! ಡಾ. ಝಾಕಿರ್ ಹುಸೇನ್ 1926ರಲ್ಲಿ ಬರ್ಲಿನ್ನಿನಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿ ಜಾಮಿಯಾ ಮಿಲ್ಲಿಯಾವನ್ನು ಕಟ್ಟಿದರು. ಜೊತೆಗೆ ಬಂದ ಆಬಿದ್ ಹುಸೇನ್ ಗೋಯಥೆಯ 'ಫೌಸ್ಟ್' ಅನ್ನು ಉರ್ದುವಿಗೆ ತಂದರು. ಮದ್ರಸದಲ್ಲಿ ಅರಬಿ ಓದಿದ ನಮ್ಮಂಥವರು ಇಂದಿಗೂ ತೆರೆಯುವ ಹಾನ್ಸ್ ವೆಹ್ರ್ ನಿಘಂಟು ಮೊದಲು ಅಚ್ಚಾದದ್ದು ಅರಬಿಯಿಂದ ಜರ್ಮನ್‌ಗೆ. ಇಂಗ್ಲಿಷ್ ರೂಪ ಬಂದದ್ದು ನಂತರ.

ಇನ್ನು ವಿಷಯಕ್ಕೆ ಬರೋಣ. ಮುಂಡರಗಿಯ ಆ ತಂದೆಗೆ ಯಾರೂ ಹೇಳದಿದ್ದ ಒಂದು ಸಂಗತಿಯಿದೆ. ಜರ್ಮನಿಯಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಕೇವಲ ಒಂದು ಪದವಿ ಇದ್ದರೆ ಸಾಲದು. ಯಾವ ವಿಷಯದಲ್ಲಿ ಎಂ.ಎ. ಮಾಡಬೇಕೋ ಅದೇ ವಿಷಯವನ್ನು ಅಥವಾ ಅದಕ್ಕೆ ಹತ್ತಿರದ ವಿಷಯವನ್ನು ಪದವಿಯಲ್ಲಿ ಸಾಕಷ್ಟು ಓದಿರಬೇಕು. ಅಂಕಪಟ್ಟಿಯ ಒಂದೊಂದು ವಿಷಯವನ್ನೂ ಅವರು ಎಣಿಸುತ್ತಾರೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದಿದವನಿಗೆ ಜರ್ಮನ್ ಸಾಹಿತ್ಯದ ಎಂ.ಎ.ಗೆ ಅಲ್ಲಿ ನೇರ ಪ್ರವೇಶ ದೊರೆಯುವುದು ದುರ್ಲಭ, ಅವನ ಅಂಕಗಳು ಎಷ್ಟೇ ಚೆನ್ನಾಗಿರಲಿ. ನಮ್ಮಲ್ಲಿ ಬಿ.ಎ. ಮಾಡಿದವರು ಯಾವ ಎಂ.ಎ.ಗೂ ಅರ್ಜಿ ಹಾಕಿ ರೂಢಿಯಾಗಿರುವುದರಿಂದ ಈ ಮಾತು ಬೇಗ ತಲೆಗೆ ಹೋಗುವುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ಇಲ್ಲಿಂದಲೇ ಆರಂಭವಾಗುತ್ತದೆ. ಭಾಷೆಯ ಮಟ್ಟಗಳನ್ನು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲುಗಳಾಗಿ ಗುರುತಿಸಿದ್ದಾರೆ. ಜರ್ಮನ್ ಮಾಧ್ಯಮದಲ್ಲಿ ಉನ್ನತ ವ್ಯಾಸಂಗ ಮಾಡಲು ಸಾಮಾನ್ಯವಾಗಿ ಸಿ1, ಅಂದರೆ ಐದನೆಯ ಮೆಟ್ಟಿಲು ಬೇಕು. ಅದಕ್ಕೆ ಟೆಸ್ಟ್‌ಡಾಫ್ ಅಥವಾ ಡಿ.ಎಸ್.ಎಚ್.ನಂತಹ ಪರೀಕ್ಷೆಗಳಿವೆ. ಸೊನ್ನೆಯಿಂದ ಸಿ1 ತಲುಪಲು ಸುಮಾರು 800ರಿಂದ 1000 ಪಾಠಗಳು ಬೇಕಾಗುತ್ತವೆ. ಆರು ತಿಂಗಳಲ್ಲಿ ಕಲಿಸುತ್ತೇವೆ ಎಂಬ ಫಲಕ ಕಂಡಲ್ಲಿ ನಿಲ್ಲದೆ ಮುಂದೆ ನಡೆಯಿರಿ.

ಬೆಂಗಳೂರಿನ ಗೋಯಥೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಪಾಠವನ್ನೂ ಪರೀಕ್ಷೆಯನ್ನೂ ನಡೆಸುತ್ತದೆ. ಮನೆಯಿಂದಲೇ ಅಂತರ್ಜಾಲದಲ್ಲಿ ಕಲಿಯುವ ತರಗತಿಗಳೂ ಇವೆ. ಲಕ್ಷ್ಮೇಶ್ವರದ ಹುಡುಗಿ ಮೊದಲೆರಡು ಮಟ್ಟಗಳಿಗಾಗಿ ಊರು ಬಿಡಬೇಕಾಗಿಲ್ಲ. ನಮ್ಮವರಿಗೆ ಎಲ್ಲಕ್ಕಿಂತ ಅನುಕೂಲವೆಂದು ನಮಗೆ ತೋರುವುದು ಪುಣೆ ವಿಶ್ವವಿದ್ಯಾಲಯದ ರಾನಡೆ ಸಂಸ್ಥೆಯ ವಿದೇಶಿ ಭಾಷಾ ವಿಭಾಗ. ಅಲ್ಲಿ ಏನೂ ಅರಿಯದವರಿಗೆ ಸರ್ಟಿಫಿಕೇಟ್, ಆಮೇಲೆ ಡಿಪ್ಲೊಮಾ, ಆಮೇಲೆ ಅದರ ಮೇಲಿನ ತರಗತಿ, ಕೊನೆಗೆ ಎಂ.ಎ. ಎಂಬ ಏಣಿಯೇ ಇದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ, ಮುಂಬೈ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಗಳಲ್ಲಿಯೂ ಜರ್ಮನ್ ಎಂ.ಎ. ಇದೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು 2022ರಿಂದ ಎಂ.ಎ. ಪ್ರವೇಶಕ್ಕೆ ರಾಷ್ಟ್ರಮಟ್ಟದ ಸಾಮಾನ್ಯ ಪರೀಕ್ಷೆಯ ಅಂಕಗಳನ್ನು ಪರಿಗಣಿಸುತ್ತಿದೆ. ಅಲ್ಲಿ ಬಿ.ಎ. ಆನರ್ಸ್‌ಗೆ ಪಿಯುಸಿ ಮುಗಿಸಿದವರು ಜರ್ಮನ್ ಅರಿಯದೆಯೂ ಸೇರಬಹುದು. ಪಿಯುಸಿ ಮಕ್ಕಳ ತಂದೆತಾಯಂದಿರು ಇದನ್ನು ದಯವಿಟ್ಟು ಬರೆದುಕೊಳ್ಳಿರಿ.

ಅರಬಿ, ಇಸ್ಲಾಮೀ ವಿಷಯಗಳನ್ನು ಓದಿದವರಿಗೆ ಬೇರೊಂದು ಬಾಗಿಲೂ ಇದೆ. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಇಸ್ಲಾಮೀ ಅಧ್ಯಯನ ಹಳೆಯ ವಿಭಾಗ. ಟ್ಯೂಬಿಂಗೆನ್, ಮ್ಯೂನ್‌ಸ್ಟರ್, ಓಸ್ನಬ್ರ್ಯುಕ್ ಮೊದಲಾದೆಡೆ 2010ರ ನಂತರ ಇಸ್ಲಾಮೀ ಧರ್ಮಶಾಸ್ತ್ರದ ಕೇಂದ್ರಗಳೂ ತೆರೆದಿವೆ. ಅಲ್ಲಿ ನಮ್ಮ ಮದ್ರಸ ಮಕ್ಕಳ ಅರಬಿ ಬಂಡವಾಳವಾಗುತ್ತದೆ. ಆದರೆ ಬರೀ ಆಲಿಮ್ ಸನದನ್ನು ಹಿಡಿದು ಹೋಗಲಾಗದು. ಕೆಲವು ಮದ್ರಸಗಳ ಸನದುಗಳನ್ನು ಅಲೀಗಢ, ಜಾಮಿಯಾದಂತಹ ವಿಶ್ವವಿದ್ಯಾಲಯಗಳು ಮಾನ್ಯ ಮಾಡಿವೆ. ಆ ಮೂಲಕ ವಿಶ್ವವಿದ್ಯಾಲಯದ ಪದವಿ ಪಡೆದೇ ಮುಂದೆ ಹೋಗಬೇಕು.

ಅಂಕಗಳ ಲೆಕ್ಕವನ್ನು ತಿಳಿಯದೆ ನಿರಾಶರಾದವರನ್ನು ನಾವು ಕಂಡಿದ್ದೇವೆ. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಕೇವಲ ಉತ್ತೀರ್ಣ. ನಮ್ಮ ಗರಿಷ್ಠ ಅಂಕದಿಂದ ನಾವು ಪಡೆದ ಅಂಕವನ್ನು ಕಳೆಯಬೇಕು. ಬಂದದ್ದನ್ನು ಗರಿಷ್ಠಕ್ಕೂ ಉತ್ತೀರ್ಣಾಂಕಕ್ಕೂ ನಡುವಿನ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಉತ್ತೀರ್ಣಾಂಕ 40 ಇರುವಲ್ಲಿ 60 ಪಡೆದವನಿಗೆ 3.0 ಬರುತ್ತದೆ, 70 ಪಡೆದವಳಿಗೆ 2.5. ಅನೇಕ ವಿಭಾಗಗಳು 2.5 ಅಥವಾ ಅದಕ್ಕಿಂತ ಉತ್ತಮವಾದುದನ್ನೇ ಕೇಳುತ್ತವೆ. ಪ್ರಥಮ ದರ್ಜೆ ಬಂದಿತಲ್ಲ ಎಂದು ಬಿ.ಎ. ಕೊನೆಯ ವರ್ಷದಲ್ಲಿ ಸಡಿಲ ಬಿಡುವುದು ಎಷ್ಟು ನಷ್ಟ ನೋಡಿರಿ.

ಅಲ್ಲಿನ ಎಂ.ಎ. ಸಾಮಾನ್ಯವಾಗಿ ಎರಡು ವರ್ಷ, 120 ಕ್ರೆಡಿಟ್. ಒಂದೊಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ದುಡಿಮೆ. ಪ್ರತಿ ವಿಷಯಕ್ಕೂ ಸ್ವಂತ ಬರಹ, ಕೊನೆಗೆ ಪ್ರಬಂಧ. ಗೈಡ್ ಪುಸ್ತಕ ಓದಿ ಪಾಸಾಗುವ ಅಭ್ಯಾಸ ಅಲ್ಲಿ ನಡೆಯದು. ಡಾಕ್ಟರೇಟ್‌ಗೆ ಹೋಗುವವರು ಮೊದಲು ತಮ್ಮ ವಿಷಯದ ಪ್ರಾಧ್ಯಾಪಕರನ್ನು ಹುಡುಕಿ ಪತ್ರ ಬರೆದು ಒಪ್ಪಿಸಬೇಕು. ಅಂಥವರನ್ನು ಅವರು ಡಾಕ್ಟರ್‌ಫಾಟರ್, ಎಂದರೆ ಡಾಕ್ಟರೇಟಿನ ತಂದೆ ಎಂದೇ ಕರೆಯುತ್ತಾರೆ. ನಮ್ಮ ಉಸ್ತಾದ್-ಶಾಗಿರ್ದ್ ಸಂಬಂಧ ನೆನಪಾಗುತ್ತದೆ.

ಈಗ ಹಣ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರಿಗೆ ಇಷ್ಟೆಂದು ವಂತಿಗೆ ಮಾತ್ರ ಇರುತ್ತದೆ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂತಹ ಹೊರದೇಶದವರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಪಡೆಯಲಾರಂಭಿಸಿತು. ಕಿಟೆಲ್‌ರ ಟ್ಯೂಬಿಂಗೆನ್, ಇಕ್ಬಾಲರ ಹೈಡಲ್‌ಬರ್ಗ್ ಎರಡೂ ಇರುವುದು ಅದೇ ರಾಜ್ಯದಲ್ಲಿ.

ಶುಲ್ಕವಿಲ್ಲವೆಂದು ಕೇಳಿ ಹಿಗ್ಗಿದವರು ಮುಗ್ಗರಿಸುವುದು ಇನ್ನೊಂದು ಕಡೆ. ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಅಲ್ಲಿನ ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಿದರು. ಯೂರೋ ಒಂದಕ್ಕೆ 100 ರೂಪಾಯಿ ಎಂದು ಹಿಡಿದರೂ ಸುಮಾರು 12 ಲಕ್ಷ. ಇದು ಯಾರಿಗೋ ಕಟ್ಟುವ ಶುಲ್ಕವಲ್ಲ. ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಗೇ ಮರಳುತ್ತದೆ. ಆದರೆ ಮೊದಲು ಕೈಯಲ್ಲಿರಬೇಕಲ್ಲ? ಇದಲ್ಲದೆ 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳು ತಮ್ಮ ಪ್ರಮಾಣಪತ್ರಗಳನ್ನು ಎ.ಪಿ.ಎಸ್. ಎಂಬ ಕಚೇರಿಯಿಂದ ಪರಿಶೀಲಿಸಿಕೊಳ್ಳುವುದು ಕಡ್ಡಾಯವಾಗಿದೆ. ಅದಕ್ಕೆ 18,000 ರೂಪಾಯಿ. ಓದುತ್ತಾ ದುಡಿಯಲು ವರ್ಷಕ್ಕೆ 140 ಪೂರ್ಣ ದಿನಗಳ ಅನುಮತಿಯಿದೆ. ಆದರೆ ಮೊದಲ ವರ್ಷವೇ ದುಡಿದು ಮನೆಗೆ ಹಣ ಕಳುಹಿಸುವ ಲೆಕ್ಕದಲ್ಲಿ ಮಗನನ್ನು ಕಳುಹಿಸಬೇಡಿರಿ.

ಜರ್ಮನಿಯ ಡಾಡ್ ಸಂಸ್ಥೆ 1925ರಿಂದ ವಿದ್ಯಾರ್ಥಿವೇತನ ನೀಡುತ್ತಾ ಬಂದಿದೆ. ಅದು ಪ್ರತಿಭೆಯ ಸ್ಪರ್ಧೆ. ಅದನ್ನೇ ನಂಬಿ ಕೂರಲಾಗದು. ಆದರೆ ಇಲ್ಲಿ ಜರ್ಮನ್ ಓದುತ್ತಿರುವವರಿಗೆ ಬೇಸಿಗೆ ಶಿಬಿರಕ್ಕೆ ಹೋಗಿಬರಲು ಅದೇ ಸಂಸ್ಥೆ ಕೊಡುವ ನೆರವು ಅನೇಕರ ಗಮನಕ್ಕೇ ಬಂದಿಲ್ಲ. ನಮ್ಮ ಕೇಂದ್ರ ಸರಕಾರ ಅಲ್ಪಸಂಖ್ಯಾತರಿಗಾಗಿ ನಡೆಸುತ್ತಿದ್ದ ಎರಡು ಯೋಜನೆಗಳು ಈಗ ಇಲ್ಲ. ವಿದೇಶಿ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ 'ಪಢೋ ಪರ್‌ದೇಶ್', ಸಂಶೋಧಕರ ಮೌಲಾನಾ ಆಝಾದ್ ಫೆಲೋಶಿಪ್ ಇವೆರಡನ್ನೂ 2022-23ರಿಂದ ನಿಲ್ಲಿಸಲಾಯಿತು. ಬೇರೆ ಯೋಜನೆಗಳಲ್ಲಿಯೇ ಎಲ್ಲರಿಗೂ ಅವಕಾಶವಿದೆಯೆಂದು ಕೊಟ್ಟ ಕಾರಣ ಕೇಳಲು ಚೆನ್ನಾಗಿದೆ. ಆದರೆ ಉನ್ನತ ಶಿಕ್ಷಣದಲ್ಲಿ ಹಿಂದುಳಿದ ಸಮುದಾಯದ ಕೈಯಿಂದ ಏಣಿ ಕಿತ್ತುಕೊಂಡದ್ದಕ್ಕೆ ಅದು ಉತ್ತರವಲ್ಲ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ಆದಾಯ ಮಿತಿಯೊಳಗಿನ ಕುಟುಂಬದ ಮಕ್ಕಳಿಗೆ ವಿದೇಶಿ ವ್ಯಾಸಂಗಕ್ಕೆ 20 ಲಕ್ಷದವರೆಗೆ ಬಡ್ಡಿರಹಿತ ಸಾಲ ನೀಡುವ ಯೋಜನೆ ತಂದಿದೆ. ಬಡ್ಡಿಗೆ ಹೆದರಿ ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಗಳಿಗೆ ಇದು ದೊಡ್ಡ ಅನುಕೂಲ. ಆಸ್ತಿಯ ಭದ್ರತೆ ಕೇಳುತ್ತಾರೆ. ಆದ್ದರಿಂದ ಮನೆಯ ಉತಾರ ಸರಿಯಿದೆಯೇ ಎಂದು ಈಗಲೇ ನೋಡಿಕೊಳ್ಳಿರಿ.

ಭಾರತದಲ್ಲಿಯೇ ಓದುವವರಿಗೆ ಮತ್ತೊಂದು ಮಾತು. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜರ್ಮನ್ ಒಂದು ವಿಷಯವಾಗಿದೆ. ಅದರಲ್ಲಿ ಫೆಲೋಶಿಪ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ.

ಓದಿ ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಅಧ್ಯಾಪನ, ಅನುವಾದ, ಬೆಂಗಳೂರಿನ ಜರ್ಮನ್ ಕಂಪನಿಗಳ ಕೆಲಸ ಇವೆ. 2014ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಮೂರನೆಯ ಭಾಷೆಯ ಸ್ಥಾನದಿಂದ ಜರ್ಮನ್ ಅನ್ನು ತೆಗೆದು ಸಂಸ್ಕೃತವನ್ನು ತಂದವು. ಆಗ ಅಧ್ಯಾಪಕರು ತೊಂದರೆಗೊಳಗಾದರು. ಇದನ್ನೂ ಮುಚ್ಚಿಡಬಾರದು. ಆದರೆ 2024ರಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಅಲ್ಲಿಗೆ ಹೋಗಬಯಸುವ ನರ್ಸುಗಳಿಗೆ, ತಾಂತ್ರಿಕರಿಗೆ ಭಾಷೆ ಕಲಿಸುವವರು ಬೇಕು. ಗದಗಿನಲ್ಲಿ ಕುಳಿತೇ ಕಲಿಸಬಲ್ಲ ಉದ್ಯೋಗವಿದು. ಹೆಣ್ಣುಮಕ್ಕಳ ವಿಷಯದಲ್ಲಿ ಹಿಂಜರಿಯುವ ತಂದೆತಾಯಂದಿರು ಇದನ್ನು ಗಮನಿಸಬೇಕು.

ಇನ್ನು ಶಿರಹಟ್ಟಿಯ ತಾಯಿಗೆ. ಅಮ್ಮಾ, ನಿಮ್ಮ ಮಗಳು ಈ ವರ್ಷವೇ ಎ1 ತರಗತಿಗೆ ಸೇರಲಿ. ಯಾವ ಏಜೆಂಟನಿಗೂ ಒಂದು ರೂಪಾಯಿ ಕೊಡಬೇಡಿರಿ. ಬಿ.ಎ. ಮುಗಿಯುವಷ್ಟರಲ್ಲಿ ಎ2 ಅಥವಾ ಬಿ1 ಮುಗಿದಿದ್ದರೆ ಪುಣೆಯ ಮಾತಾಡೋಣ, ಅಲ್ಲಿನ ಹೆಣ್ಣುಮಕ್ಕಳ ವಸತಿಯನ್ನು ನೀವೇ ಹೋಗಿ ನೋಡಿ ಬರಬಹುದು. ಅಷ್ಟರೊಳಗೆ ಅವಳ ಆಸಕ್ತಿ ಇಳಿದರೆ ಹೋಗುವುದು ಒಂದಿಷ್ಟು ಪಾಠದ ಶುಲ್ಕ ಮಾತ್ರ, ಮನೆಯಲ್ಲ. ಈ ನಾಲ್ಕು ಊರುಗಳ ಜಮಾಅತಿನ ಹಿರಿಯರು ಇಲ್ಲಿದ್ದಾರೆ. ಒಂದು ಮದುವೆಯ ಶಾಮಿಯಾನಕ್ಕೆ ಕೊಡುವಷ್ಟು ಹಣದಲ್ಲಿ ಎಷ್ಟು ಮಕ್ಕಳ ಪರೀಕ್ಷಾ ಶುಲ್ಕ ಆಗುತ್ತದೆಂದು ಅವರೇ ಲೆಕ್ಕ ಹಾಕಲಿ. ಸಭೆಯ ನಂತರ ನಾವು ಇಲ್ಲಿಯೇ ಇರುತ್ತೇವೆ. ಅಂಕಪಟ್ಟಿ ತಂದವರು ಬನ್ನಿರಿ, ಒಂದೊಂದನ್ನೂ ಕುಳಿತು ನೋಡೋಣ.