ನೆಟ್ಟ ಮೇಲಿನ ವರ್ಷಗಳು



ಪಶ್ಚಿಮದ ದೇಶಗಳ ಸಣ್ಣ ಉದ್ದಿಮೆಗಳು ತಮ್ಮ ಗಳಿಕೆಯ ಒಂದು ಪಾಲನ್ನು ದೂರದ ಬಡ ದೇಶಗಳಲ್ಲಿ ಗಿಡ ನೆಡಿಸಲು ಕಳಿಸುವುದು ಕಳೆದ ಹದಿನೈದು ವರ್ಷಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಕಾಫಿಬೀಜ ಹುರಿದು ಮಾರುವವರು, ಬಟ್ಟೆ ಹೊಲಿಸುವವರು, ಹತ್ತು ಮಂದಿಯ ಸಾಫ್ಟ್‌ವೇರ್ ಕಚೇರಿ ನಡೆಸುವವರು ಇದರಲ್ಲಿದ್ದಾರೆ. ಕೆನಡಾದ ಉಡುಪಿನ ಕಂಪನಿಯೊಂದು ಒಂದು ಬಟ್ಟೆಗೆ ಹತ್ತು ಗಿಡ ಎನ್ನುತ್ತದೆ. ಒಂದು ಡಾಲರಿಗೆ ಒಂದು ಗಿಡ ಎಂದು ದರ ಹೇಳಿ ಹಣ ಪಡೆಯುವ ಸಂಸ್ಥೆಗಳಿವೆ. ಬರ್ಲಿನ್‌ನಲ್ಲಿ 2009ರಲ್ಲಿ ಸಣ್ಣದಾಗಿ ಶುರುವಾದ ಇಕೋಸಿಯಾ ಎಂಬ ಸರ್ಚ್ ಎಂಜಿನ್, ಜಾಹೀರಾತಿನಿಂದ ಬಂದ ಹಣವನ್ನು ಬುರ್ಕಿನಾ ಫಾಸೊ, ಬ್ರೆಜಿಲ್ ಮುಂತಾದೆಡೆಗೆ ಕಳಿಸುತ್ತ 2020ರ ಹೊತ್ತಿಗೆ 10 ಕೋಟಿ ಗಿಡಗಳ ಲೆಕ್ಕ ಮುಟ್ಟಿತು. ಇವರಲ್ಲಿ ಹೆಚ್ಚಿನವರ ಕಾಳಜಿ ಪ್ರಾಮಾಣಿಕ ಎಂದೇ ನಾನು ನಂಬುತ್ತೇನೆ. ನನ್ನ ತಕರಾರು ಒಂದೇ. ಇವರು ಕೊಳ್ಳುತ್ತಿರುವುದು ಸಸಿಯನ್ನು. ಕಾಡಿಗೆ ಬೇಕಾಗಿರುವುದು ಸಸಿ ನೆಟ್ಟ ಮೇಲಿನ ವರ್ಷಗಳು. ಹಣ ಕೊಡುವ ಅಳತೆಗೋಲು ಬದಲಾಗದಿದ್ದರೆ ಒಳ್ಳೆಯ ಮನಸ್ಸಿನ ಹಣವೂ ಕೆಟ್ಟ ಕೆಲಸಕ್ಕೇ ಹರಿಯುತ್ತದೆ. ಅದನ್ನು ಬದಲಿಸುವ ಶಕ್ತಿ ದೊಡ್ಡ ಕಂಪನಿಗಳಿಗಿಂತ ಸಣ್ಣ ಉದ್ದಿಮೆಗಳಿಗೇ ಹೆಚ್ಚು. ಈ ವಿಚಾರ ಸಂಕಿರಣ ಇದನ್ನು ಒರೆಗೆ ಹಚ್ಚಲಿ ಎಂಬುದು ನನ್ನ ಆಶಯ.

ಮೊದಲು ಸಾವಿನ ಲೆಕ್ಕ ನೋಡೋಣ. ಏಷ್ಯಾದ ಉಷ್ಣವಲಯ ಮತ್ತು ಉಪೋಷ್ಣವಲಯದ 176 ಕಡೆ ಕಾಡು ಮರಳಿ ಬೆಳೆಸಿದ ಪ್ರಯತ್ನಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಸರಾಸರಿ ನೋಡಿದರೆ ನೆಟ್ಟ ಸಸಿಗಳಲ್ಲಿ ಶೇ. 18ರಷ್ಟು ಮೊದಲ ವರ್ಷದೊಳಗೆ ಸಾಯುತ್ತವೆ. ಐದು ವರ್ಷ ಕಳೆಯುವಷ್ಟರಲ್ಲಿ ಸಾವಿನ ಪ್ರಮಾಣ ಶೇ. 44ಕ್ಕೆ ಏರುತ್ತದೆ. ಇದು ಸರಾಸರಿ. ಒಳಗೆ ಇಳಿದರೆ ಹೆಚ್ಚಿನವು ಉಳಿದ ಜಾಗಗಳಿವೆ, ಹೆಚ್ಚಿನವು ಸತ್ತ ಜಾಗಗಳೂ ಇವೆ. ಆ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಎಣಿಕೆ ಬೇಕು. ಆದರೆ ಎಣಿಸುವವರು ಎಷ್ಟು ಮಂದಿ? ಉಷ್ಣವಲಯದಲ್ಲಿ ಗಿಡ ನೆಡುವ 174 ಸಂಸ್ಥೆಗಳು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನು 2021ರಲ್ಲಿ ಸಂಶೋಧಕರು ಜಾಲಾಡಿದರು. ನೆಟ್ಟ ಮೇಲೆ ನಿಗಾ ಇಡುತ್ತೇವೆ ಎಂದು ಬರೆದಿದ್ದವರು ಶೇ. 18 ಮಾತ್ರ, ಉಳಿದ ಸಸಿಗಳ ಪ್ರಮಾಣ ಅಳೆಯುತ್ತೇವೆ ಎಂದವರು ಶೇ. 5. ಇದನ್ನು ಆ ಸಂಸ್ಥೆಗಳ ಅಪ್ರಾಮಾಣಿಕತೆ ಎಂದು ತಳ್ಳಿಹಾಕುವುದು ಅನ್ಯಾಯ. ಎಣಿಕೆಗೆ ಯಾರೂ ಹಣ ಕೊಟ್ಟಿಲ್ಲ. ಡಾಲರಿಗೊಂದು ಎಂದು ಬಂದ ಹಣ ಗುಂಡಿ ತೋಡಿ ಸಸಿ ಇಳಿಸುವಷ್ಟರಲ್ಲಿ ಮುಗಿದಿರುತ್ತದೆ.

ಅಳತೆಗೋಲು ತಪ್ಪಿದರೆ ಎಣಿಕೆ ನಿಲ್ಲುವುದಷ್ಟೇ ಅಲ್ಲ, ಯಾವ ಗಿಡ, ಯಾವ ಜಾಗ ಎಂಬುದೂ ಬದಲಾಗುತ್ತದೆ. ಇದಕ್ಕೆ ಉಬ್ಬರದ ನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಿಗಿಂತ ಸ್ಪಷ್ಟ ನಿದರ್ಶನ ಇಲ್ಲ. ರೈಜೋಫೊರಾ ಜಾತಿಯ ಕಾಂಡ್ಲಾದ ಬೀಜ ತಾಯಿಗಿಡದಲ್ಲಿ ಇರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ಇಳಿಬಿದ್ದಿರುತ್ತದೆ. ಅದನ್ನು ಕೊಯ್ದು ಕೆಸರಿಗೆ ಚುಚ್ಚಿದರೆ ನೆಟ್ಟಂತೆಯೇ. ನರ್ಸರಿ ಬೇಡ, ಚೀಲ ಬೇಡ, ಗೊಬ್ಬರ ಬೇಡ. ಒಂದು ಗುಂಪು ಒಂದು ಇಳಿತದ ಅವಧಿಯಲ್ಲಿ ಸಾವಿರಗಟ್ಟಲೆ ನೆಡಬಹುದು. ಗಿಡವೊಂದಕ್ಕೆ ಇಷ್ಟು ಎಂದು ಹಣ ಬರುವಲ್ಲಿ ಇದಕ್ಕಿಂತ ಅಗ್ಗದ ಗಿಡ ಎಲ್ಲಿ ಸಿಗಬೇಕು? ಫಿಲಿಪ್ಪೀನ್ಸ್‌ನಲ್ಲಿ ದಶಕಗಳ ಕಾಲ ನಡೆದ ಇಂಥ ನೆಡುವಿಕೆಯನ್ನು ಪ್ರಿಮವೆರಾ ಮತ್ತು ಎಸ್ತೆಬಾನ್ ಎಂಬ ಸಂಶೋಧಕರು 2008ರಲ್ಲಿ ಪರಾಮರ್ಶಿಸಿದಾಗ, ದೀರ್ಘಕಾಲ ಉಳಿದದ್ದು ಸಾಮಾನ್ಯವಾಗಿ ಶೇ. 10ರಿಂದ 20 ಎಂದು ಕಂಡಿತು. ತೆರೆಗೆ ಒಡ್ಡಿಕೊಂಡ ಮರಳು ದಂಡೆಯಲ್ಲಿ ಅಲ್ಲಿಯ ಸಹಜ ಸಸ್ಯಗಳಾದ ಅವಿಸೆನಿಯಾ, ಸೊನರೇಷಿಯಾಗಳ ಬದಲು ರೈಜೋಫೊರಾ ಚುಚ್ಚಲಾಗಿತ್ತು. ಅದೂ ಕಾಂಡ್ಲಾ ಬೆಳೆಯುವ ಮೇಲಿನ ಉಬ್ಬರದ ಪಟ್ಟಿಯಲ್ಲಿ ಅಲ್ಲ, ದಿನದ ಬಹುಪಾಲು ನೀರಿನಡಿ ಇರುವ ತಗ್ಗಿನಲ್ಲಿ. ಕಾರಣವನ್ನು ಆ ಲೇಖಕರು ನೇರವಾಗಿ ಹೇಳಿದ್ದಾರೆ: ಸರಿಯಾದ ಜಾಗಗಳೆಲ್ಲ ಎಂದೋ ಮೀನು ಸಾಕುವ ಹೊಂಡಗಳಾಗಿವೆ, ಅವಕ್ಕೆ ಮಾಲೀಕರಿದ್ದಾರೆ, ತಗ್ಗು ಯಾರದ್ದೂ ಅಲ್ಲ, ಅಲ್ಲಿ ತಗಾದೆ ಇಲ್ಲ. ಹೊಂಡದ ಒಡೆಯನ ಜತೆ ಕೂತು ಮಾತಾಡಿ, ಒಡ್ಡು ಒಡೆಸಿ, ಉಬ್ಬರದ ನೀರನ್ನು ಮತ್ತೆ ಒಳಗೆ ಬಿಡಿಸಿದರೆ ಕಾಂಡ್ಲಾ ತಾನಾಗಿಯೂ ಬಂದೀತು. ಆದರೆ ಹಾಗೆ ವರ್ಷ ಸವೆಸಿದ ಮಾತುಕತೆಗೆ ಗಿಡದ ಲೆಕ್ಕದಲ್ಲಿ ಬಿಲ್ಲು ಬರೆಯುವುದು ಹೇಗೆ? 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲೂ ಇದೇ ಕಥೆ. ಅಲ್ಲಿಯ 23 ಜಾಗಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂಬತ್ತರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ನೆಟ್ಟ ಮೇಲೆ ಯಾರಾದರೂ ನೋಡಿಕೊಂಡ ಕಡೆ ಉಳಿವು ಹೆಚ್ಚಿತ್ತು.

ಹಾಗಾದರೆ ನೋಡಿಕೊಳ್ಳುವುದು ಎಂದರೇನು, ಅದಕ್ಕೆ ಏನೇನು ಬೇಕು? ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಅರಣ್ಯ ಪುನಶ್ಚೇತನ ಸಂಶೋಧನಾ ಘಟಕ 1994ರಿಂದ ಇದನ್ನೇ ಕೆಲಸವಾಗಿ ಮಾಡುತ್ತ ಬಂದಿದೆ. ದೊಯ್ ಸುತೆಪ್ ಬೆಟ್ಟದ ಹಿಂದಿನ ಮೊಂಗ್ ಬುಡಕಟ್ಟಿನ ಹಳ್ಳಿ ಬಾನ್ ಮೇ ಸಾ ಮಾಯ್. ಅಲ್ಲಿಯ ಪಾಳುಬಿದ್ದ ಹೊಲಗಳಲ್ಲಿ ಅವರು ಸುತ್ತಲ ಕಾಡಿನದೇ ಇಪ್ಪತ್ತು ಮೂವತ್ತು ಜಾತಿಗಳನ್ನು ಆಯ್ದು, ಹೆಕ್ಟೇರಿಗೆ ಸುಮಾರು 3,100ರಂತೆ ನೆಟ್ಟರು. ಬೇಗ ನೆರಳು ಕವಿಸುವವು ಕೆಲವು, ಅತ್ತಿಯ ಬಳಗದಂತೆ ಹಕ್ಕಿ ಬಾವಲಿಗಳನ್ನು ಕರೆಯುವವು ಕೆಲವು. ಮಳೆ ಹಿಡಿದ ಜೂನ್‌ನಲ್ಲಿ ನೆಡುವುದು ಒಂದು ದಿನದ ಕೆಲಸ, ಊರಿಗೆ ಊರೇ ಬರುತ್ತದೆ. ಆಮೇಲಿನದು ಬೇರೆ. ಪ್ರತಿ ಸಸಿಯ ಗುರುತಿಗೆ ಬಿದಿರಿನ ಗೂಟ, ಬುಡದ ಸುತ್ತ ಕಳೆ ಬರದಂತೆ ರಟ್ಟಿನ ಹಾಸು, ಎರಡು ಮಳೆಗಾಲ ತಲಾ ಮೂರು ಸಲ ಕಳೆ ತೆಗೆದು ಗೊಬ್ಬರ ಹಾಕುವುದು, ಜನವರಿ ಬಂದರೆ ಬೆಂಕಿ ರೇಖೆ ಸವರುವುದು, ಬೇಸಿಗೆ ಪೂರ್ತಿ ಹಳ್ಳಿಯವರು ಸರದಿಯಲ್ಲಿ ಬೆಂಕಿ ಕಾವಲು ಕೂರುವುದು. ಹೀಗೆ ನಡೆಸಿದಲ್ಲಿ ಎರಡು ಮೂರು ವರ್ಷಕ್ಕೆ ಮರದ ನೆತ್ತಿಗಳು ಕೂಡಿಕೊಂಡು ಕಳೆಯ ಕಾಟ ನಿಂತಿತು. ಎಂಟು ಒಂಬತ್ತು ವರ್ಷಗಳಲ್ಲಿ ಯಾರೂ ನೆಡದ 70ರಷ್ಟು ಜಾತಿಯ ಮರಗಳು ತಾವಾಗಿ ಬಂದು ಸೇರಿದವು. ಈ ಪಟ್ಟಿಯಲ್ಲಿ ಸಸಿಯ ಬೆಲೆ ಎಷ್ಟು ಚಿಕ್ಕದು ನೋಡಿ. ಉಳಿದದ್ದೆಲ್ಲ ಕೂಲಿ, ಕಾವಲು, ಊರಿನ ಒಪ್ಪಿಗೆ.

ಇಲ್ಲಿ ಸಹಜವಾಗಿ ಏಳುವ ಮೊದಲ ಆಕ್ಷೇಪ: ಅರ್ಧ ಸತ್ತರೂ ಅರ್ಧ ಉಳಿಯಿತಲ್ಲ, ಏನೂ ಮಾಡದಿರುವುದಕ್ಕಿಂತ ಅದು ಮೇಲಲ್ಲವೇ? ತಪ್ಪಾಗಿ ನೆಟ್ಟದ್ದಕ್ಕೆ ಹಾನಿಯೇ ಇಲ್ಲದಿದ್ದರೆ ಈ ಮಾತು ಸರಿ. ಹಾನಿ ಇದೆ ಎಂದು ಕರ್ನಾಟಕಕ್ಕಿಂತ ಚೆನ್ನಾಗಿ ಬಲ್ಲವರು ಕಡಿಮೆ. ಹೊರದೇಶದ ಹಣದಿಂದ ಗಿಡ ನೆಡಿಸಿಕೊಂಡ ದಡದಲ್ಲಿ ನಿಂತವರು ನಾವು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಇಲ್ಲಿ ಸಾಮಾಜಿಕ ಅರಣ್ಯ ಯೋಜನೆ ನಡೆಯಿತು. ಗುರಿ ಸಸಿಗಳ ಸಂಖ್ಯೆಯಲ್ಲಿತ್ತು. ಸಂಖ್ಯೆ ಮುಟ್ಟಿಸಲು ದನ ಬಾಯಿ ಹಾಕದ, ಆರೈಕೆ ಕೇಳದ ನೀಲಗಿರಿ ಇತ್ತು. ಕೋಲಾರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ಅದು ಹಬ್ಬಿತು. ಅದೇ ದಶಕದಲ್ಲಿ ಸರ್ಕಾರ ಮತ್ತು ಖಾಸಗಿ ಕಾರ್ಖಾನೆ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್‌ಗೆ 30,000 ಹೆಕ್ಟೇರ್ ಸಾರ್ವಜನಿಕ ಭೂಮಿ ಕೊಡುವ ಒಪ್ಪಂದವಾದಾಗ, ದನಕರುವಿನ ಹುಲ್ಲು, ಒಲೆಯ ಸೌದೆ ಎಲ್ಲವೂ ಆ ಭೂಮಿಯಿಂದ ಬರುತ್ತಿದ್ದ ಹಳ್ಳಿಗಳು ಎದ್ದು ನಿಂತವು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಮ್ಮ ಪರಿಸರ ಚರಿತ್ರೆಯ ಹೆಮ್ಮೆಯ ಅಧ್ಯಾಯ. ಗೋಮಾಳದಲ್ಲಿ ಎದ್ದ ಪ್ರತಿ ಬೇಡದ ಗಿಡ ಯಾರದೋ ಮನೆಯ ಮೇವನ್ನು ಕಸಿದಿರುತ್ತದೆ. ಅದನ್ನು ಉಳಿದ ಅರ್ಧ ಎಂದು ಸಂಭ್ರಮಿಸುವಂತಿಲ್ಲ.

ಇದರಿಂದ ಹೊರಗಿನ ಹಣವೇ ಬೇಡ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ನಾನು ಅವರ ಜತೆಗಿಲ್ಲ. ಸೋಯಾ, ತಾಳೆ ಎಣ್ಣೆ, ಕೋಕೋ, ದನದ ಮಾಂಸಕ್ಕಾಗಿ ಉಷ್ಣವಲಯದ ಕಾಡು ಕಡಿದಾಗ ಆ ಸರಕಿನಲ್ಲಿ ಒಂದು ಪಾಲು ಉಂಡವರು ಉಳ್ಳ ದೇಶಗಳವರೂ ಹೌದು. ಅವರು ಹಣ ಕೊಡುವುದು ದಾನವಲ್ಲ, ಬಾಕಿ. ಪ್ರಶ್ನೆ ಇರುವುದು ಆ ಹಣದಿಂದ ಏನಾಗಬೇಕೆಂದು ಯಾರು ನಿರ್ಧರಿಸುತ್ತಾರೆ ಎಂಬಲ್ಲಿ. ನೈಜರ್ ದೇಶದ ಮರಾಡಿ ಪ್ರದೇಶದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿತಜ್ಞ ವರ್ಷಗಳ ಕಾಲ ಸಸಿ ನೆಟ್ಟು ಸೋತಿದ್ದರು. 1983ರ ಹೊತ್ತಿಗೆ ಅವರಿಗೆ ಹೊಳೆದದ್ದು, ಹೊಲಗಳಲ್ಲಿ ಪೊದೆಯಂತೆ ಕಾಣುವುದೆಲ್ಲ ಕಡಿದ ಮರಗಳ ಬೊಡ್ಡೆ ಒಡೆದ ಚಿಗುರು ಎಂಬುದು. ರೈತ ಅದರಲ್ಲಿ ನಾಲ್ಕಾರು ಗಟ್ಟಿ ಚಿಗುರು ಉಳಿಸಿ ಮಿಕ್ಕದ್ದು ಸವರಿದರೆ ಮರ ಎದ್ದುಬರುತ್ತದೆ. ಅಡ್ಡಿಯಾಗಿದ್ದು ಕಾನೂನು: ಹೊಲದ ಮರ ಸರ್ಕಾರದ್ದು ಎಂದಿದ್ದಾಗ ರೈತ ಅದನ್ನು ಏಕೆ ಕಾಯುತ್ತಾನೆ? ಆ ಬಿಗಿ ಸಡಿಲಿದ ಮೇಲೆ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರಗಳು ಮರಳಿದವು. ನೆಟ್ಟ ಗಿಡಗಳ ಪಟ್ಟಿಯಲ್ಲಿ ಇದರ ಲೆಕ್ಕ ಸೊನ್ನೆ. ಹೊರಗಿನ ಹಣ ಇಲ್ಲೂ ಇತ್ತು, ಆದರೆ ಅದು ಹಳ್ಳಿಯಿಂದ ಹಳ್ಳಿಗೆ ಹೋಗಿ ಮಾತಾಡುವವರ ಖರ್ಚಿಗೆ ಹೋಯಿತು.

ಉದ್ಯಮಿಗಳ ಆಕ್ಷೇಪ ಬೇರೆ ಬಗೆಯದು. ಗ್ರಾಹಕರಿಗೆ ಸಂಖ್ಯೆ ಅರ್ಥವಾಗುತ್ತದೆ, ಬೆಂಕಿ ಕಾವಲು ಅರ್ಥವಾಗುವುದಿಲ್ಲ ಎನ್ನುತ್ತಾರೆ. ಗ್ರಾಹಕರನ್ನು ಇಷ್ಟು ಕಡಿಮೆ ಅಂದಾಜು ಮಾಡಬಾರದು. ಒಂದು ಊರಿನ ಹೆಸರು, ಅಲ್ಲಿ ಈ ವರ್ಷ ಉಳಿದ ಮರಗಳ ಎಣಿಕೆ, ಕಾವಲಿನವರಿಗೆ ಕೊಟ್ಟ ಕೂಲಿ, ಹೋದ ವರ್ಷ ಬೆಂಕಿಗೆ ಹೋದದ್ದೆಷ್ಟು ಎಂಬ ಸತ್ಯ, ಇವನ್ನು ವರ್ಷಕ್ಕೊಮ್ಮೆ ಹೇಳುವ ಅಂಗಡಿಯ ಮೇಲೆ ನಂಬಿಕೆ ಬೆಳೆಯುತ್ತದೆ. ಕೋಟಿಗಳ ಗುರಿ ಘೋಷಿಸಿದ ದೊಡ್ಡ ಕಂಪನಿಗೆ ಇದು ಸಾಧ್ಯವಿಲ್ಲ. ಅದಕ್ಕೆ ಬೇಕಾದಷ್ಟು ಗಿಡ ಸುಲಭವಾಗಿ ಸಿಗುವುದು ಅಕೇಶಿಯಾ, ನೀಲಗಿರಿಯ ನೆಡುತೋಪುಗಳಲ್ಲಿ. ಸಣ್ಣ ಉದ್ದಿಮೆಗೆ ಹತ್ತು ಹೆಕ್ಟೇರ್ ಸಾಕು. ಒಂದೇ ಬೆಟ್ಟಕ್ಕೆ, ಒಂದೇ ಹಳ್ಳಿಗೆ ಅದು ನಿಷ್ಠೆಯಿಂದ ಇರಬಲ್ಲದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸಣ್ಣ ಉದ್ದಿಮೆ ಐದು ವರ್ಷದಲ್ಲಿ ತಾನೇ ಮುಚ್ಚಿಹೋಗಬಹುದು, ದೀರ್ಘಕಾಲದ ಮಾತು ಕೊಡುವುದು ಹೇಗೆ? ಉತ್ತರ ವ್ಯವಹಾರದಲ್ಲೇ ಇದೆ. ಮೊದಲ ವರ್ಷವೇ ಪೂರ್ತಿ ಆರೈಕೆಯ ಹಣವನ್ನು ಠೇವಣಿಯಾಗಿ ಬೇರೆ ಇಟ್ಟು, ಕಂತಿನಲ್ಲಿ ಬಿಡುಗಡೆ ಮಾಡುವುದು. ಅದೇ ಹಣಕ್ಕೆ ಐದರಲ್ಲೊಂದು ಪಾಲು ಜಾಗ ಮಾತ್ರ ಸಿಕ್ಕೀತು. ಸಿಗಲಿ. ನಾಲ್ಕಾರು ಉದ್ದಿಮೆಗಳು ಸೇರಿ ಒಂದು ಬೆಟ್ಟದ ಹೊಣೆ ಹೊತ್ತರೆ ಒಂದು ಕೈಬಿಟ್ಟರೂ ಕೆಲಸ ನಿಲ್ಲದು. ತನ್ನ ಕಂಪನಿಯನ್ನು ಯಾರೂ ಮಾರಲಾಗದಂತೆ 2018ರಲ್ಲಿ ಪಾಲುಗಳನ್ನು ಪ್ರತಿಷ್ಠಾನವೊಂದಕ್ಕೆ ವಹಿಸಿಕೊಟ್ಟು, ತಿಂಗಳು ತಿಂಗಳೂ ಆಯವ್ಯಯ ಪ್ರಕಟಿಸುವ ಇಕೋಸಿಯಾ, ಇಂಥ ಕಟ್ಟುಪಾಡು ವ್ಯಾಪಾರದೊಳಗೇ ಸಾಧ್ಯ ಎಂದು ತೋರಿಸಿದೆ.

ನಮ್ಮ ಸಣ್ಣ ಉದ್ದಿಮೆಗಳೂ ನಾಳೆ ಹೊರದೇಶದ ಕಾಡಿಗೆ ಹಣ ಕಳಿಸಬಹುದು. ಕಾಡಿನ ಲೆಕ್ಕ ಕೊಡುವ ಹೊಣೆ ನಮ್ಮ ವ್ಯಾಪಾರಕ್ಕೂ ಬರುತ್ತಿದೆ: ಕೊಡಗು, ಚಿಕ್ಕಮಗಳೂರಿನ ಕಾಫಿಗಂತೂ ಕಾಡು ಕಡಿದು ಬೆಳೆದದ್ದಲ್ಲ ಎಂಬ ಪುರಾವೆ ಕೇಳುವ ಕಾನೂನನ್ನು ಯುರೋಪು 2023ರಲ್ಲೇ ಅಂಗೀಕರಿಸಿದೆ. ಹಾಗಾಗಿ ಈ ಸಂಕಿರಣದ ಮುಂದೆ ಒಂದು ನಿರ್ದಿಷ್ಟ ಕೆಲಸ ಇಡುತ್ತೇನೆ. ವಾಣಿಜ್ಯದ ಅಧ್ಯಾಪಕರೂ ಪರಿಸರ ವಿಜ್ಞಾನಿಗಳೂ ಒಟ್ಟಿಗೆ ಕೂತು, ಸಣ್ಣ ಉದ್ದಿಮೆ ಮತ್ತು ಕಾಡು ಬೆಳೆಸುವ ಹಳ್ಳಿಯ ನಡುವಿನ ಒಪ್ಪಂದದ ಮಾದರಿಯೊಂದನ್ನು ಬರೆಯಬೇಕು. ನೆಲ ಯಾರದು, ಮುಂದೆ ಹಣ್ಣು, ಸೌದೆ, ಜೇನಿನ ಹಕ್ಕು ಯಾರದು ಎಂಬುದು ಅದರ ಮೊದಲ ಕಲಮು ಆಗಲಿ. ಮೂರನೆಯ ಮತ್ತು ಐದನೆಯ ವರ್ಷದ ಎಣಿಕೆಯ ಖರ್ಚು ಯಾವ ಬಾಬ್ತಿನಿಂದ ಬರುತ್ತದೆ, ಎಣಿಸುವವರು ಯಾರು, ಸತ್ತ ಗಿಡದ ಸಂಖ್ಯೆಯನ್ನು ಬಚ್ಚಿಡದೆ ಪ್ರಕಟಿಸುವ ಹೊಣೆ ಯಾರದು ಎಂಬುದೂ ಅದರಲ್ಲಿರಲಿ. ಯಾವ ಗಿಡವನ್ನೂ ನೆಡದೆ ಚಿಗುರನ್ನು ಕಾದದ್ದಕ್ಕೂ ಹಣ ಸಲ್ಲುವಂತೆ ಒಂದು ಕಲಮು ಬೇಕು. ಬೇಡ ಎನ್ನುವ ಹಕ್ಕು ಹಳ್ಳಿಗೆ ಇರಬೇಕು. ಆ ಕರಡು ಸಮಾರೋಪದ ಹೊತ್ತಿಗೆ ಸಿದ್ಧವಾಗಲಿ ಎಂದು ಕೋರಿ ಗೋಷ್ಠಿಗಳಿಗೆ ಜಾಗ ಬಿಡುತ್ತೇನೆ.